ಹುಗ್ಗಿ ಬಟ್ಟಲು

ಅಂದು ಬೆಳಿಗ್ಗೆಯೂ ಎಂದಿನಂತೆ ಬಚ್ಚಲ ಒಲೆ ಹೊತ್ತಿಸಿ, ಅಂಗಳಕ್ಕೆ ನೀರು ಚಿಮುಕಿಸಿ ಒಳಗೆ ಬಂದೆ. ನಮ್ಮ ಯಜಮಾನರು ಲಿಂಗಪೂಜೆ ಮುಗಿಸಿ ಏಳುವ ಮೊದಲೇ ಅತ್ತೆ ಗೋಧಿ ಹುಗ್ಗಿಯ ಬಟ್ಟಲು ಮುಂದಿಟ್ಟರು. ಹೊಟ್ಟೆಹುಣ್ಣಿನ ಆಪರೇಷನ್ ಆಗಿ ಮಗ ಮನೆಗೆ ಬಂದಾಗಿನಿಂದ ಇದೇ ಪದ್ಧತಿ: ಬೆಲ್ಲ ಮುಂದಾಗಿ ಹುಗ್ಗಿ, ಮೇಲೊಂದು ಲೋಟ ಸಕ್ಕರೆ ಹಾಲು. "ಮೈಗೆ ಕಸುವು ಬರಬೇಕಲ್ಲಪ್ಪ, ಉಣ್ಣು."

ಯಜಮಾನರಿಗೆ ಹರಿಹರದ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲುವ ಕೆಲಸ. ದಾವಣಗೆರೆಯಿಂದ ದಿನಾ ರೈಲು. ಹಿಂದಿನ ವಾರ ಯಂತ್ರದ ಪಕ್ಕದಲ್ಲೇ ಕುಸಿದಿದ್ದರು. ಇನ್ನೊಮ್ಮೆ ಹೀಗಾದರೆ ಬರುವುದೇ ಬೇಡ ಎಂದು ಫೋರ್‌ಮನ್ ಹೇಳಿದ್ದ.

ಬಟ್ಟಲು ಬರಿದಾಗಿ ಸ್ವಲ್ಪ ಹೊತ್ತಿಗೆ, ಷರ್ಟಿನ ಗುಂಡಿ ಹಾಕುತ್ತಿದ್ದ ಅವರ ಬೆರಳು ನಿಂತಿತು. ಕಿವಿ ಕೆಂಪಾಯಿತು. ಆ ಕೆಂಪು ಕೊರಳಿಗಿಳಿಯಿತು, ಹಣೆಯ ವಿಭೂತಿ ಬೆವರಿನಲ್ಲಿ ಕದಡಿತು. ಗೋಡೆ ಹಿಡಿದು ಕೂತುಬಿಟ್ಟರು. ರೈಲು ತಪ್ಪಿತು. ನಾನೇ ಜಟಕಾದಲ್ಲಿ ಡಾಕ್ಟರ ಬಳಿ ಕರೆದೊಯ್ದೆ.

"ಬೆಳಿಗ್ಗೆ ಏನು ತಿಂದ್ರಿ?" ಎಂದರು ಡಾಕ್ಟರು. ಹೇಳಿದೆ.

"ಅಲ್ಲಮ್ಮ, ಅರ್ಧ ಹೊಟ್ಟೆ ತೆಗೆದೀವಿ. ಸಿಹಿ ಅಲ್ಲಿ ನಿಲ್ಲದೆ ಸೀದಾ ಕರುಳಿಗೆ ಬೀಳ್ತೈತೆ. ಆಗ ಕರುಳು ಹಾರ್ಮೋನು ಅನ್ನೋ ರಸಾನ ರಕ್ತಕ್ಕೆ ಬಿಡ್ತೈತೆ. ರಕ್ತನಾಳದ ಸ್ನಾಯು, ಲಾಡಿ ಬಿಚ್ಚಿದಂಗೆ ಸಡಿಲ ಆಗ್ತೈತೆ. ರಕ್ತ ಎಲ್ಲ ಹೊಟ್ಟೆ ಕಡೆ ಇಳಿದ್ರೆ ತಲೆಗೆ ಎಲ್ಲಿ ಸಾಲುತ್ತೆ? ಸಿಹಿ ಪೂರ್ತಿ ಬ್ಯಾಡ."

ಕಾನ್ವೆಂಟಿನಲ್ಲಿ ಕೆಂಪು, ನೀಲಿ ಪೆನ್ಸಿಲು ಹಿಡಿದು ರಕ್ತನಾಳ ಬರೆದವಳು ನಾನು. ಅವಕ್ಕೂ ಸ್ನಾಯು ಉಂಟೆಂದು ಡಾಕ್ಟರ ಬಾಯಲ್ಲಿ ಅಂದೇ ಮೊದಲು ಕೇಳಿದ್ದು.

ಮನೆಗೆ ಬಂದು ಹೇಳಿದರೆ ಅತ್ತೆ ಒಪ್ಪಲಿಲ್ಲ. "ಹುಗ್ಗಿ ಉಂಡು ಬಿದ್ದೋರನ್ನ ಎಲ್ಲಿ ನೋಡೀಯವ್ವ? ಮಗ ಕಡ್ಡಿ ಆಗ್ಯಾನೆ, ನಿಮ್ಮ ಡಾಕ್ಟ್ರಿಗೆ ನನ್ನ ಬೆಲ್ಲದ ಮ್ಯಾಲೆ ಕಣ್ಣು!" ಎಂದು ಮರುದಿನದ ಗೋಧಿ ಆರಿಸಲು ಮೊರ ಹಿಡಿದು ಕೂತರು. ನಾನು ಒಳಗೆ ಹೋಗಿ, ಮಲಗಿದ್ದ ಯಜಮಾನರ ಪಾದ ಮುಟ್ಟಿ ನೋಡಿದೆ, ಇನ್ನೂ ತಣ್ಣಗಿತ್ತು.

ಸಂಜೆ ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ಆಕೆಯ ಗಂಡನೂ ಅದೇ ರೈಲಿನಲ್ಲಿ ಅದೇ ಕಾರ್ಖಾನೆಗೆ ಹೋಗುವವನು. ಮೊಸರಿನ ಬಟ್ಟಲು ತೆಗೆದುಕೊಂಡು, ಹೊಸಿಲು ದಾಟುತ್ತಾ ನಕ್ಕಳು.

"ಅಲ್ರೀ ಅಕ್ಕಾರೆ, ನಿಮ್ಮ ಯಜಮಾನ್ರು ಈಗೀಗ ಬೆಳಿಗ್ಗೇನೇ ಹೆಂಡ ಏರಿಸ್ಕೊಂಡು ರೈಲು ಹತ್ತುತಾರಂತಲ್ಲ? ಮುಖ ಕೆಂಪಗೆ, ಕಾಲು ನಿಲ್ಲಲ್ಲ ಅಂತಿದ್ರು ನಮ್ಮನೆಯವರು."

ಮೊರದ ಮೇಲೆ ಅತ್ತೆಯ ಕೈ ನಿಂತಿತು.

"ಫೋರ್‌ಮನ್ನೂ ಹಂಗೇ ಅಂದ್ಕೊಂಡಾನಂತೆ. ಬರ್ತೀನ್ರಿ, ಹಾಲು ಒಲೆ ಮ್ಯಾಲೈತೆ."