ಮನೆ ಮಗಳ ಪಗಾರ

ನಮ್ಮ ಮನೆಯವರಷ್ಟು ಉದಾರಿಗಳು ಮುಂಡಗೋಡದಲ್ಲಿ ಇನ್ನೊಬ್ಬರಿಲ್ಲ. ಪಾರ್ಶ್ವವಾಯು ಹೊಡೆದು ಮಾತು ನಿಂತ ಅಜ್ಜನನ್ನು ನೋಡಿಕೊಳ್ಳಲು ಪಕ್ಕದ ಹಳ್ಳಿ ಇಂದೂರಿನಿಂದ ದಿನಾ ಬಸ್ಸಿನಲ್ಲಿ ಬರುವವಳಿಗೆ ವರ್ಷಾ ವರ್ಷಾ ಬಡ್ತಿ ಕೊಡುತ್ತಲೇ ಬಂದಿದ್ದೇವೆ. ಮೊದಲ ವರ್ಷ ಬರೀ ಕಸ್ತೂರಿ. ಎರಡನೆಯ ವರ್ಷ ಕಸ್ತೂರಕ್ಕ. ಹೋದ ದೀಪಾವಳಿಗೆ ಅವ್ವ ಉಡಿ ತುಂಬಿದಳು, ಅಪ್ಪ “ನೀ ಮನೀ ಮಗಳಿದ್ದಂಗ” ಎಂದು ಘೋಷಿಸಿದ. ಪಗಾರ ಮಾತ್ರ ಮೊದಲ ವರ್ಷದ್ದೇ. ಇಷ್ಟು ಹತ್ತಿರದವಳ ಹತ್ತಿರ ದುಡ್ಡಿನ ಮಾತಾಡಲು ನಮಗೆ ಬಹಳ ಸಂಕೋಚ.

ಮೊನ್ನೆ ಅವಳು ತಂಗಿಯ ನಿಶ್ಚಯಕ್ಕೆಂದು ಎರಡು ದಿನ ಹಳಿಯಾಳಕ್ಕೆ ಹೋದಳು. ಅಜ್ಜನ ಜವಾಬ್ದಾರಿ ನಾನೇ ಹೊತ್ತೆ. ಅವಳ ಕೆಲಸವೇನು, ಅಜ್ಜನ ಪಕ್ಕ ಕೂರುವುದು. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ನಾನು ಕೂತೇ ಇದ್ದೇನೆ, ಅನುಭವಕ್ಕೆ ಕೊರತೆಯಿಲ್ಲ.

ಅಪ್ಪ ಅಂಗಡಿಗೆ, ಅವ್ವ ಪಾಠ ಹೇಳಲು ಸಾಲಿಗೆ ಹೋದ ಮೇಲೆ ಗಂಜಿಯ ಚಮಚ ಹಿಡಿದೆ. ಅಜ್ಜ ಬಾಯಿ ಬಿಡಲಿಲ್ಲ. ಕಾಗೆ, ಗುಬ್ಬಿ, ವಿಮಾನ ಎಲ್ಲ ತೋರಿಸಿದೆ. ತುಟಿ ಇನ್ನಷ್ಟು ಬಿಗಿಯಾಯಿತು. ದವಡೆ ಕಚ್ಚಿಕೊಂಡಿದೆ ಎಂದು ಹೆದರಿ ಡಾಕ್ಟರನ್ನು ಕರೆಸಿದೆ. ಅಜ್ಜ ಅವರಿಗೂ ಬಾಯಿ ತೆರೆಯಲಿಲ್ಲ. ಕೊನೆಗೆ ಕಸ್ತೂರಕ್ಕನಿಗೆ ಫೋನು ಮಾಡಿದೆ.

“ವಿಭೂತಿ ಹಚ್ಚಿ, ಕೈಯಾಗ ಲಿಂಗಾ ಇಟ್ಟಿಯೇನ, ತಮ್ಮಾ?”

“ಇಲ್ಲಕ್ಕಾ.”

“ಮತ್ತ ಅಜ್ಜಾರು ಹೆಂಗ ಉಣ್ತಾರ? ಎಡಗೈ ನಡಗತೈತಿ, ಕೆಳಗ ನಿನ್ನ ಕೈ ಹಿಡಿ. ಅವರು ಕಣ್ಣು ತೆರಿಯೂತನಕ ಸುಮ್ನಿರು.”

ಹಾಗೇ ಮಾಡಿದೆ. ಅಜ್ಜ ಕಣ್ಣು ತೆರೆದು, ನನ್ನನ್ನೊಮ್ಮೆ ನೋಡಿ, ಬಾಯಿ ಬಿಟ್ಟ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದ ನನಗೆ ಅವನ ಪೂಜೆಯ ನೆನಪೇ ಬಂದಿರಲಿಲ್ಲ. ಮರುದಿನ ಅವನನ್ನು ಮಗ್ಗುಲಾಗಿಸಲು ಹೋಗಿ ನನ್ನ ಸೊಂಟ ಹಿಡಿಯಿತು. ಮನೆಯಲ್ಲಿ ರೋಗಿಗಳು ಇಬ್ಬರಾದರು.

ಕಸ್ತೂರಕ್ಕ ಬಂದವಳೇ ಅಪ್ಪನಿಗೆ ಹೇಳಿದಳು: “ಹಳಿಯಾಳದಾಗ ಒಬ್ಬರು ಕರ್ಯಾಕತ್ತಾರ್ರಿ, ಪಗಾರ ಹೆಚ್ಚೈತಿ. ಇಲ್ಲೂ ಹೆಚ್ಚ ಮಾಡಿದ್ರ ಇರ್ತೇನಿ.”

“ನೀ ಮನೀ ಮಗಳಲ್ಲೇನವಾ?”

“ಮಗಳಾದ್ರ ಹೊಲದಾಗ ಪಾಲು ಕೊಡ್ರಿ, ಕಾಕಾ. ಇಲ್ಲಾಂದ್ರ ಪಗಾರ ಹೆಚ್ಚ ಮಾಡ್ರಿ. ನನಗ ಯಾವುದಾದ್ರೂ ನಡೀತೈತಿ.”

ಹೊಲದ ಹೆಸರು ಕೇಳಿದ್ದೇ ತಡ, ಅಪ್ಪನಿಗೆ ಪಗಾರ ಹೆಚ್ಚಿಸುವುದು ಭಾರೀ ನ್ಯಾಯವಾಗಿ ಕಂಡಿತು. ಹಳಿಯಾಳದಷ್ಟೇ ಕೊಡುವುದಾಗಿ ಒಪ್ಪಿಕೊಂಡ. ಅಪ್ಪನ ನ್ಯಾಯ ಆರುವ ಮೊದಲೇ ಎಂದು ನಾನೂ ಸೊಂಟ ಹಿಡಿದುಕೊಂಡು ನನ್ನ ಎರಡು ದಿನದ ಪಗಾರ ಕೇಳಿದೆ.

“ನೀ ಮನೀ ಮಗಾ ಅಲ್ಲೇನಲೇ?” ಅಂದ ಅಪ್ಪ.

ಅಜ್ಜನ ಮಗ್ಗುಲು ಬದಲಿಸುತ್ತಿದ್ದ ಕಸ್ತೂರಕ್ಕ ತಿರುಗಿ ನೋಡಲೂ ಇಲ್ಲ. “ತಗೋ ತಮ್ಮಾ,” ಅಂದಳು, “ಹೋದ ದೀಪಾವಳಿಗೆ ನನಗೂ ಅದನ್ನ ಕೊಟ್ಟಿದ್ರು.”