ಡಬ್ಬಿ ಅಕ್ಕನ ಕಪ್ಪು ಪರದೆ

ಕೃತಕ ಕಾಲು ತಯಾರಿಸುವ ಆ ಕಾರ್ಯಾಗಾರದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಡಬ್ಬಿ ಅಕ್ಕ. ಇಪ್ಪತ್ತು ವರ್ಷದ ಹಿಂದೆ ರೋಗಿಗಳ ವಿವರ ಟೈಪ್ ಮಾಡಲು ಸೇರಿದವಳು. ಒಮ್ಮೆ ಪ್ರಿಂಟರ್ ಕೈಕೊಟ್ಟಾಗ, ಮೆಕ್ಯಾನಿಕ್ ಬರುವಷ್ಟರಲ್ಲಿ ತಾನೇ ಬಿಚ್ಚಿ, ಒಳಗೆ ಸಿಕ್ಕಿಕೊಂಡಿದ್ದ ಪಿನ್ನನ್ನು ಹೆಕ್ಕಿ ತೆಗೆದಳು. ಅಲ್ಲಿಂದಾಚೆ, ಕೈ ಚುರುಕಿರುವ ಸೊಸೆಯ ಮೇಲೆ ಮನೆಗೆಲಸವೆಲ್ಲ ಬಂದು ಬೀಳುವ ಹಾಗೆ, ಕಟ್ಟಡದ ಕಂಪ್ಯೂಟರುಗಳೆಲ್ಲ ಅವಳ ತಲೆಗೇ ಬಂದವು. ಯಾವ ಕೋರ್ಸೂ ಮಾಡಿದವಳಲ್ಲ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಕಂಪ್ಯೂಟರಿನ ಇಂಗ್ಲಿಷ್ ಪುಸ್ತಕ ಓದುತ್ತಾ, ಕಲಿತದ್ದಕ್ಕಿಂತ ಕೆಡಿಸಿದ್ದನ್ನೇ ಹೆಚ್ಚು ವಿವರವಾಗಿ ಬರೆದಿಟ್ಟುಕೊಳ್ಳುತ್ತಿದ್ದಳು. "ಏನಕ್ಕಾ ಓದ್ತಾ ಇದೀರಾ?" ಅಂದರೆ, "ಈ ಡಬ್ಬಿಗಳಿಗೆ ಯಾಕಿಷ್ಟು ಸಿಟ್ಟು ಅಂತ ನೋಡ್ತಿದೀನಿ" ಅನ್ನುವಳು. ಹೆಸರು ಅಂಟಿಕೊಂಡದ್ದು ಹಾಗೆ.

ಆ ಸೋಮವಾರ ಮೇಸ್ತ್ರಿಯ ಕಂಪ್ಯೂಟರ್ ಸತ್ತೇ ಹೋಯಿತು. ಮೇಸ್ತ್ರಿ ಅಂದರೆ ಕೃತಕ ಕಾಲಿನ ಮೇಲ್ಭಾಗದಲ್ಲಿ, ಉಳಿದ ಕಾಲಿನ ತುದಿ ಕೂರುವ ಬಟ್ಟಲಿಗೆ ರೂಪ ಕೊಡುವವರು. ಅರವತ್ತು ದಾಟಿದ ಮನುಷ್ಯ, ಮಾತು ಕಮ್ಮಿ, ಮೂಗಿನ ತುದಿಯಲ್ಲೇ ಕೋಪ. ಒಂದು ಕಾಲದಲ್ಲಿ ಪ್ಲಾಸ್ಟರನ್ನು ಕೈಯಲ್ಲೇ ಕೆತ್ತುತ್ತಿದ್ದರು. ಬೆರಳು ಗಡುಸಾದ ಮೇಲೆ ಪರದೆಯ ಮೇಲೆ ಕೆತ್ತುವುದನ್ನು ಕಲಿತರು. ಅವರು ಬಳಸುತ್ತಿದ್ದ ಪ್ರೋಗ್ರಾಮು ಹಳೆಯ ಕಾಲದ್ದು, ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆದರೆ ನಾನೂರು ಜನರ ಕಾಲಿನ ಅಳತೆ ಇದ್ದದ್ದು ಅದರಲ್ಲೇ. ಅದರಲ್ಲಿ ಒಂದು, ಬಸ್ ಕಂಡಕ್ಟರಮ್ಮನದು. ಅಪಘಾತದಲ್ಲಿ ಒಂದು ಕಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಿದ್ದ ಆಕೆಗೆ ಹಳೆಯ ಬಟ್ಟಲು ಸಡಿಲವಾಗಿ, ಉಜ್ಜಿ ಉಜ್ಜಿ ಹುಣ್ಣಾಗಿತ್ತು. ರಜೆ ಮುಗಿಯುವುದರೊಳಗೆ ಬಸ್ಸು ಹತ್ತದಿದ್ದರೆ ಡಿಪೋದ ಮೇಜಿನ ಕೆಲಸಕ್ಕೆ ಕೂರಿಸುತ್ತಾರಂತೆ. ಹೊಸ ಬಟ್ಟಲು ಶನಿವಾರಕ್ಕೆ ಬೇಕಿತ್ತು.

"ಹೊಸ ಪ್ರೋಗ್ರಾಮು ತರಿಸೋಣ, ಅಳತೆಯೆಲ್ಲ ಮತ್ತೆ ತಗೊಳ್ಳೋಣ" ಅಂದರು ಕಾರ್ಯಾಗಾರದ ಮುಖ್ಯಸ್ಥೆ.

ಮೇಸ್ತ್ರಿಯ ಮುಖ ಇಳಿದುಹೋಯಿತು. "ಮೂರು ವರ್ಷದಿಂದ ಆಯಮ್ಮಂಗೆ ಎಲ್ಲಿ ಒತ್ತುತ್ತೆ, ಎಲ್ಲಿ ಒತ್ತಲ್ಲ ಅಂತ ಸೇರಿಸ್ತಾ ಬಂದಿದೀನಿ. ಅದನ್ನ ಮತ್ತೆಲ್ಲಿಂದ ತರೋದು?"

"ನಾಲ್ಕು ದಿನ ಕೊಡಿ ಮೇಡಂ" ಅಂದುಬಿಟ್ಟಳು ಡಬ್ಬಿ ಅಕ್ಕ.

ಸತ್ತ ಕಂಪ್ಯೂಟರಿನ ಡಿಸ್ಕ್ ಮಾತ್ರ ಬದುಕಿತ್ತು. ಅದರಲ್ಲಿದ್ದದ್ದನ್ನೆಲ್ಲ ನಕಲು ಮಾಡಿಕೊಂಡಳು. ಹೊಸ ಕಂಪ್ಯೂಟರಿನ ಒಳಗೆ, ಹಳೆಯದರಂತೆಯೇ ನಡೆದುಕೊಳ್ಳುವ ಇನ್ನೊಂದು ಕಂಪ್ಯೂಟರನ್ನು ಎಬ್ಬಿಸಿದಳು. ಅದಕ್ಕೆ ವರ್ಚುವಲ್ ಮಷೀನ್ ಅನ್ನುತ್ತಾರೆ. ಅವಳ ಭಾಷೆಯಲ್ಲಿ ಡಬ್ಬಿಯೊಳಗಿನ ಡಬ್ಬಿ. ಪ್ರೋಗ್ರಾಮು ತೆರೆಯಿತು. ಹೆಸರುಗಳ ಪಟ್ಟಿ ಬಂತು. ಕಂಡಕ್ಟರಮ್ಮನ ಕಡತ ಒತ್ತಿದರೆ ಕಾಲಿನ ಚಿತ್ರವಿರಬೇಕಾದ ಜಾಗದಲ್ಲಿ ಬರೀ ಕಪ್ಪು. ಆ ಪ್ರೋಗ್ರಾಮಿಗೆ ಚಿತ್ರ ಮೂಡಿಸುವ ನಿಜವಾದ ಗ್ರಾಫಿಕ್ಸ್ ಕಾರ್ಡ್ ಬೇಕು, ಒಳಗಿನ ಡಬ್ಬಿಯಲ್ಲಿ ಅದಿಲ್ಲ. ಹಾಗಾದರೆ ಹೊರಗಿನ ಕಾರ್ಡನ್ನು ಪೂರ್ತಿಯಾಗಿ ಒಳಗಿನದರ ಕೈಗೆ ಒಪ್ಪಿಸಬೇಕು.

ಒಪ್ಪಿಸುವುದೇನು ಸುಲಭವೇ? ಎಲ್ಲ ಭಾಗಗಳನ್ನೂ ಜೋಡಿಸಿರುವ ಮುಖ್ಯ ಫಲಕ ಮದರ್‌ಬೋರ್ಡಿನಲ್ಲಿ ಕೆಲವು ಭಾಗಗಳು ಒಂದೇ ಗುಂಪಿನಲ್ಲಿರುತ್ತವೆ. ಕೊಟ್ಟರೆ ಗುಂಪನ್ನೇ ಕೊಡಬೇಕು. ಮಂಗಳವಾರ ಅವಸರದಲ್ಲಿ ಪಟ್ಟಿಯನ್ನು ಪೂರ್ತಿ ನೋಡದೆ ಗುಂಪನ್ನೇ ಎತ್ತಿ ಕೊಟ್ಟಳು. ಹೊರಗಿನ ಯಂತ್ರ ಕಲ್ಲಿನ ಹಾಗೆ ನಿಂತುಬಿಟ್ಟಿತು. ಅದರ ಡಿಸ್ಕ್ ಕೂಡ ಅದೇ ಗುಂಪಿನಲ್ಲಿತ್ತು! ಮತ್ತೆ ಹಚ್ಚಿ ನೋಡಿದಾಗ ಯಾವುದೂ ಕೆಟ್ಟಿರಲಿಲ್ಲ. ಮುಚ್ಚಳ ಬಿಚ್ಚಿ, ಕಾರ್ಡನ್ನು ಕಿತ್ತು ಕೆಳಗಿನ ಸ್ಲಾಟಿಗೆ ಚುಚ್ಚಿದಳು. ಅಲ್ಲಿ ಕಾರ್ಡಿನ ಗುಂಪಿನಲ್ಲಿ ಕಾರ್ಡು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆದರೂ ಪರದೆ ಕಪ್ಪು.

ಬುಧವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ಮಹಡಿ ಹತ್ತಲಿಲ್ಲ. ಕೆಳಗೆ ಗಂಡನ ಕ್ಷೌರದ ಅಂಗಡಿಯ ಖಾಲಿ ಕುರ್ಚಿಯಲ್ಲಿ ಕುಸಿದು ಕುಳಿತಳು. ಆತ ಒಬ್ಬರು ಮುದುಕರ ಗಡ್ಡ ಹೆರೆಯುತ್ತಿದ್ದ.

"ಏನೇ, ಮುಖ ಊದಿಸ್ಕೊಂಡಿದೀಯ?"

"ಕಾರ್ಡನ್ನ ಒಳಗಿನದಕ್ಕೆ ಕೊಡೋಣ ಅಂದ್ರೆ, ಹೊರಗಿನದು ಏಳ್ತಿದ್ದ ಹಾಗೇ ಅದನ್ನ ಹಿಡ್ಕೊಂಡು ಕೂತಿರತ್ತೆ ಕಣ್ರೀ. ಬಿಡು ಅಂದ್ರೆ ಬಿಡಲ್ಲ."

ಅವನಿಗೆ ಏನೂ ತಿಳಿಯಲಿಲ್ಲ. ತಿಳಿಯದಿದ್ದರೂ ಹೂಂಗುಟ್ಟುವುದು ಇಪ್ಪತ್ತೆಂಟು ವರ್ಷದ ಅಭ್ಯಾಸ. "ಕೂತವರನ್ನ ಎಬ್ಬಿಸೋಕೆ ಆಗಲ್ಲ ಬಿಡು. ಅದಕ್ಕೇ ನಾನು, ಈ ಅಜ್ಜ ಬರ್ತೀನಿ ಅಂತ ಹೇಳಿದ್ರೆ, ಬಾಗಿಲು ತೆಗೆಯೋ ಮೊದಲೇ ಕುರ್ಚಿ ಮೇಲೆ ಟವೆಲ್ ಹಾಸಿಟ್ಟಿರ್ತೀನಿ."

ಮುದುಕರು ನೊರೆಯೊಳಗಿಂದಲೇ ತಲೆಯಾಡಿಸಿದರು. "ಅಲ್ಲಾಡ್ಬೇಡಿ ಅಜ್ಜ!" ಎಂದು ಅವನು ಕತ್ತಿ ಎತ್ತಿ ಹಿಡಿದ.

ಡಬ್ಬಿ ಅಕ್ಕ ಅಷ್ಟರಲ್ಲಿ ಎದ್ದು ಬೀದಿಗಿಳಿದಿದ್ದಳು.

"ಊಟ?"

"ಬಂದು ಮಾಡ್ತೀನಿ ರೀ!"

ಟವೆಲ್ ಹಾಸುವ ದಾರಿಯೊಂದು ಇತ್ತು. ಹೊರಗಿನ ಯಂತ್ರ ಏಳುವ ಮೊದಲ ಗಳಿಗೆಯಲ್ಲೇ, ಭಾಗಗಳನ್ನು ನಡೆಸುವ ಡ್ರೈವರ್ ಪ್ರೋಗ್ರಾಮುಗಳಲ್ಲಿ ಏನೂ ಕೆಲಸ ಮಾಡದ ಖಾಲಿಯದೊಂದು ಬಂದು ಕಾರ್ಡನ್ನು ಕಾದಿರಿಸುವಂತೆ ಬರೆಯಬೇಕು. ಬರೆದಳು. ಆಗಲಿಲ್ಲ. ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಾಗ ತಪ್ಪು ಸಿಕ್ಕಿತು. ಕಾರ್ಡಿನಲ್ಲಿ ಚಿತ್ರದ ಭಾಗ ಒಂದು, ಶಬ್ದದ ಭಾಗ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಗುರುತಿನ ಸಂಖ್ಯೆ. ಅವಳು ಬರೆದಿದ್ದದ್ದು ಒಂದನ್ನೇ. ಎರಡನೆಯದನ್ನೂ ಸೇರಿಸಿ ಮತ್ತೆ ಎಬ್ಬಿಸಿದಳು.

ಆ ಕಾರ್ಡಿಗೆ ಜೋಡಿಸಿದ್ದ ಪಕ್ಕದ ಮಾನಿಟರ್ ಎರಡು ಸಲ ಮಿಟುಕಿತು. ಆಮೇಲೆ, ನಿಧಾನಕ್ಕೆ ತಿರುಗುತ್ತಾ, ಬೂದುಬಣ್ಣದ ಕಾಲೊಂದು ಮೂಡಿತು. ಅದರ ಮೇಲೆ ಮೂರು ವರ್ಷದಿಂದ ಮೇಸ್ತ್ರಿ ಇಡುತ್ತಾ ಬಂದಿದ್ದ ಕೆಂಪು ಚುಕ್ಕೆಗಳು.

ಅವಳು ಕರೆಯಲಿಲ್ಲ. ಮೇಸ್ತ್ರಿ ಅದ್ಯಾವಾಗಲೋ ಬಂದು ಹಿಂದೆ ನಿಂತಿದ್ದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಸ್ವಲ್ಪ ಸರಿಯಮ್ಮ" ಅಂದವರೇ ಕುರ್ಚಿ ಎಳೆದುಕೊಂಡು ಕುಳಿತು, ಸಂಜೆಯವರೆಗೂ ಏಳಲಿಲ್ಲ. ಮಧ್ಯೆ ಒಮ್ಮೆ ಮಾತ್ರ, ತಿರುಗಿ ನೋಡದೆ, "ಊಟ ಆಯ್ತಾ ತಾಯಿ?" ಅಂದರು. ಅವರಿಂದ ಅಂಥ ಪ್ರಶ್ನೆ ಬಂದದ್ದು ಅದೇ ಮೊದಲು.

ಒಂದು ಕೊರತೆ ಮಾತ್ರ ಉಳಿಯಿತು. ಒಳಗಿನ ಡಬ್ಬಿಯನ್ನು ಒಮ್ಮೆ ಆರಿಸಿದರೆ ಕಾರ್ಡು ಮುನಿಸಿಕೊಂಡು ಕೂರುತ್ತಿತ್ತು. ಹೊರಗಿನ ಯಂತ್ರವನ್ನೂ ಆರಿಸಿ ಹಚ್ಚಿದರಷ್ಟೇ ಮತ್ತೆ ಚಿತ್ರ. ಗುರುವಾರವೆಲ್ಲ ಗುದ್ದಾಡಿ, ಇದು ಆ ಕಾರ್ಡಿನ ಹುಟ್ಟುಗುಣ ಎಂದು ಕೈಬಿಟ್ಟಳು. "ಆರಿಸಿದರೆ ಎರಡನ್ನೂ ಆರಿಸಿ" ಎಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಿದಳು. ಮೇಸ್ತ್ರಿ ಅದರ ಕೆಳಗೆ "ನನ್ನನ್ನು ಕೇಳದೆ ಆರಿಸಬೇಡಿ" ಎಂದು ಸೇರಿಸಿದರು.

ಶನಿವಾರ ಕಂಡಕ್ಟರಮ್ಮ ಹೊಸ ಕಾಲು ತೊಟ್ಟು ಎರಡು ಕಂಬಿಗಳ ನಡುವೆ ನಿಂತಳು. ಮೇಸ್ತ್ರಿ ನೆಲಕ್ಕೆ ಮೊಣಕಾಲೂರಿ, "ಒತ್ತತ್ತಾ?" ಅಂದರು. ಆಕೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಕಂಬಿಯಿಂದ ಕೈ ತೆಗೆದಳು. "ಇಲ್ಲ ಮೇಸ್ತ್ರಿಗಳೇ. ಎಲ್ಲೂ ಇಲ್ಲ. ಒಂದೇ ವಾರದಲ್ಲಿ ಹೇಗ್ ಮಾಡಿದ್ರಿ?"

ಮೇಸ್ತ್ರಿ ಮೂಲೆಯ ಮೇಜಿನ ಕೆಳಗೆ ಕೈ ತೋರಿಸಿದರು. ಅಲ್ಲಿ ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಡಬ್ಬಿ ಅಕ್ಕ ಗಂಟಾದ ವೈರುಗಳನ್ನು ಬಿಡಿಸುತ್ತಾ, "ಅಯ್ಯೋ, ಇದನ್ನ ಯಾರು ಹೀಗೆ ಸುತ್ತಿದ್ದು!" ಎಂದು ಬೈಯುತ್ತಿದ್ದಳು.

ಕಂಡಕ್ಟರಮ್ಮ ನಡೆದು ಹೋಗಿ ಬಗ್ಗಿ ಕೈಚಾಚಿದಳು. "ಏಳಿ ಅಕ್ಕಾ."

"ಬೇಡಮ್ಮಾ, ನೀವು ಬೀಳ್ತೀರಾ."

"ಎಳೆದು ನೋಡಿ, ಬೀಳ್ತೀನಾ ಅಂತ."

ತಲೆಗೂದಲ ತುಂಬ ಧೂಳು ಮೆತ್ತಿಕೊಂಡಿದ್ದ ಡಬ್ಬಿ ಅಕ್ಕ ಆ ಕೈ ಹಿಡಿದು, ಮೊದಲು ಹೆದರಿ ಹೆದರಿ, ಆಮೇಲೆ ಪೂರ್ತಿ ಭಾರ ಬಿಟ್ಟು ಎದ್ದಳು. ಕಂಡಕ್ಟರಮ್ಮ ಕದಲಲಿಲ್ಲ.