ಚಿಕ್ಕ ಕ್ಯಾಮೆರಾ ತಾ ಎಂದವಳು ನಾನೇ

ದೆವ್ವ, ಗಾಳಿ ಎಂದವರ ಮುಖಕ್ಕೇ ನಗುತ್ತಿದ್ದವಳು ನಾನು. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಅಲ್ಲ. ಆದದ್ದನ್ನು ಹೇಳುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ನನ್ನ ಗಂಡ ಮೊಳಕಾಲ್ಮೂರು ಕಡೆಯ ನಮ್ಮ ಹಟ್ಟಿಯಲ್ಲಿ ಕಿಲಾರಿಯಾಗಿದ್ದ. ದೇವರಿಗೆ ಬಿಟ್ಟ ಎತ್ತುಗಳನ್ನು ರೊಪ್ಪದಲ್ಲಿ, ಅಂದರೆ ಬೇಲಿ ಹಾಕಿದ ದೊಡ್ಡಿಯಲ್ಲಿ, ಕಾಯುವ ಕೆಲಸ. ಇಪ್ಪತ್ತು ವರ್ಷದ ಕೆಳಗೆ ಒಂದೇ ಬೇಸಿಗೆಯಲ್ಲಿ ಮೂರು ಎತ್ತು ಸತ್ತವು. ಕಿಲಾರಿ ರೊಪ್ಪ ಬಿಟ್ಟು ತಿರುಗುತ್ತಾನೆ, ಮೇವು ಹಾಕುವುದಿಲ್ಲ ಎಂದು ಹಿರಿಯರು ಮಾತಾಡಿಕೊಂಡರು. ಕಿಲಾರಿತನ ಬಿಡಿಸುವುದೊಂದೇ ಬಾಕಿ. ಹೆಂಡತಿಯ ಸಾಕ್ಷಿ ಯಾರಿಗೆ ಬೇಕು? ಚಳ್ಳಕೆರೆಗೆ ಹೋಗಿ, ಮದುವೆ ವಿಡಿಯೊ ತೆಗೆಯುವ ನನ್ನ ತಮ್ಮನ ಅಂಗಡಿಯಲ್ಲಿ ಕೂತೆ. ಅವನು ಎರಡು ಕ್ಯಾಮೆರಾ ಮುಂದಿಟ್ಟ.

"ದೊಡ್ಡದು ಎಲ್ಲಾನೂ ಹಿಡಿತೈತೆ ಅಕ್ಕ. ಆದ್ರೆ ಮೂರು ತಾಸಿಗೊಂದು ಕ್ಯಾಸೆಟ್ ಬದಲಾಯಿಸ್ತಾ ಕೂರ್ಬೇಕು. ಚಿಕ್ಕದು ಹತ್ತು ನಿಮಿಷಕ್ಕೊಂದ್ಸಲ ಕಣ್ಣು ಬಿಟ್ಟು ಮುಚ್ತೈತೆ. ಒಂದೇ ಕ್ಯಾಸೆಟ್ನಾಗೆ ಇಡೀ ದಿನ ಬರ್ತೈತೆ."

"ಚಿಕ್ಕದೇ ತಾ. ನಿಮ್ಮ ಭಾವ ಎಲ್ಲೋಗ್ತಾನೆ, ಗೂಟದಂಗೆ ಅಲ್ಲೇ ಇರ್ತಾನೆ" ಅಂದೆ.

ಮರುದಿನ ತಮ್ಮ ಅದನ್ನು ರೊಪ್ಪದ ಬೇಲಿಯ ಹೊರಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ನನ್ನ ಗಂಡ ಬೆಳಗಿನಿಂದ ಸಂಜೆವರೆಗೆ ಅದರ ಎದುರಿಗೇ, ಜಾಲಿ ನೆರಳಲ್ಲಿ ಕಂಬಳಿ ಹಾಸಿ ಕೂತಿದ್ದ. ಎದ್ದರೆ ಮೇವು ಹಾಕಲು, ನೀರು ಬಿಡಲು ಮಾತ್ರ. ಹೆಂಗಸರು ರೊಪ್ಪದೊಳಗೆ ಕಾಲಿಡುವಂತಿಲ್ಲ. ಮಧ್ಯಾಹ್ನ ಬೇಲಿಯ ಮೇಲಿಂದ ಅಂಬಲಿ ಚೆಂಬು ಚಾಚಿದೆ. ಇಸಿದುಕೊಂಡು ಕುಡಿದ.

"ಉಪ್ಪು ಕಮ್ಮಿ ಐತೆ."

"ಕುಡಿ. ಕ್ಯಾಮೆರಾಕ್ಕೆ ಉಪ್ಪು ಕಾಣಲ್ಲ."

ಸಂಜೆ ಹಿರಿಯರ ಮುಂದೆ ಟೀವಿಯಲ್ಲಿ ಹಾಕಿದೆವು. ಇಡೀ ದಿನ ಒಂದು ನಿಮಿಷದೊಳಗೆ ಓಡಿತು. ಎತ್ತುಗಳು ಮಲಗಿದವು, ಎದ್ದವು. ಮೇವು ಬಂತು, ಕರಗಿತು. ಜಾಲಿ ಕೆಳಗೆ ಕಂಬಳಿ ಇತ್ತು, ಕೋಲು ಇತ್ತು. ಅವನಿರಲಿಲ್ಲ. ತಮ್ಮ ನಾಲ್ಕು ಸಲ ಹಾಕಿದ. ಒಂದು ಸಲವೂ ಇರಲಿಲ್ಲ.

"ಅದು ಕಣ್ಣು ಮುಚ್ಚಿದಾಗ ಬಂದಿರ್ತಾನೆ" ಎಂದ ತಮ್ಮ.

"ಕಣ್ಣು ಬಿಟ್ಟಾಗೆಲ್ಲ ಎಲ್ಲೋಗಿದ್ನಪ್ಪ?" ಎಂದರು ಹಟ್ಟಿಯ ಯಜಮಾನರು.

ನನ್ನ ಗಂಡ ಎದ್ದು ಹೋಗಿ ಟೀವಿಯ ಗಾಜು ಮುಟ್ಟಿ ನೋಡಿದ. ಅವತ್ತೇ ಕಿಲಾರಿಯ ಕೋಲು ಬೇರೆಯವನ ಕೈಗೆ ಹೋಯಿತು. ಇವನು ಮುಂದಿನ ಬೇಸಿಗೆ ನೋಡಲಿಲ್ಲ. ದೊಡ್ಡದು ತಾ ಅಂದಿದ್ದರೆ ಅದರಲ್ಲಿ ಸಿಗುತ್ತಿದ್ದನೋ ಏನೋ.

ಆ ಕ್ಯಾಸೆಟ್ಟಿನಲ್ಲಿ ನಾನು ಒಂದು ಸಲ ಇದ್ದೇನೆ. ಬೇಲಿಯ ಮೇಲಿಂದ ಚೆಂಬು ಚಾಚಿದ್ದೇನೆ. ಆ ಕಡೆ ಯಾರೂ ಇಲ್ಲ. ಆದರೆ ಚೆಂಬು ನನ್ನ ಕೈಗೆ ಖಾಲಿಯಾಗಿಯೇ ಬಂದಿತ್ತು. ಅದನ್ನು ತೊಳೆದಿಟ್ಟವಳೂ ನಾನೇ.